ಎಲ್‌ಪಿಜಿಗೆ ಬದಲಾಯಿಸಿದ ಎಂಜಿನ್: ಎಕ್ಸಾಸ್ಟ್ ವಾಲ್ವ್ ಎರಡನೇ ಬಾರಿ ಸುಟ್ಟಿದೆ

ಹಳೆಪಿಸ್ಟನ್:
ಜನರೇಟರ್ ಓಡಿಸುವ ನನ್ನ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ಎಲ್‌ಪಿಜಿಗೆ ಬದಲಾಯಿಸಿದ್ದೇನೆ. ಅಂದಿನಿಂದ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ (ಉರಿದ ಹೊಗೆಯನ್ನು ಹೊರಬಿಡುವ ವಾಲ್ವ್) ಎರಡು ಸಲ ಸುಟ್ಟಿತು. ಎರಡನೇ ಸಲ ಹಾಕಿದ್ದು ಸ್ಟೆಲೈಟ್ (ಶಾಖ ತಡೆಯುವ ಗಟ್ಟಿ ಮಿಶ್ರಲೋಹ) ಲೇಪಿಸಿದ ವಾಲ್ವ್. ತಣ್ಣಗಿದ್ದಾಗ ಟ್ಯಾಪೆಟ್ ಅಂತರ (ಮುಚ್ಚಿದ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) 0.30 ಮಿ.ಮೀ. ಇಟ್ಟಿದ್ದೆ, 60 ಗಂಟೆಗಳಲ್ಲಿ 0.10ಕ್ಕೆ ಇಳಿದಿತ್ತು. ಇನ್ನು ಸೋಡಿಯಂ ತುಂಬಿದ ವಾಲ್ವ್ ಹಾಕಲೇ?

ನೀಲಿಜ್ವಾಲೆ:
ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ತಡವಾಗಿದ್ದರೂ ಎಕ್ಸಾಸ್ಟ್ ವಿಪರೀತ ಬಿಸಿಯಾಗುತ್ತದೆ. ಅದನ್ನೂ ನೋಡಿಕೊಳ್ಳಿ.

ಸೀಟ್‌ಕಟರ್:
ದಯವಿಟ್ಟು ಸೋಡಿಯಂ ವಾಲ್ವ್ ಕೊಳ್ಳಬೇಡಿ. ಕಾರಣ ನೀವು ಬರೆದ ಅಳತೆಯಲ್ಲೇ ಇದೆ. ಟ್ಯಾಪೆಟ್ ಅಥವಾ ಕ್ಯಾಮ್ ಸವೆದರೆ ಅಂತರ ಹೆಚ್ಚಬೇಕು. ನಿಮ್ಮದು ಕುಗ್ಗುತ್ತಿದೆ, ಅಂದರೆ ವಾಲ್ವ್ ಹೆಡ್ಡಿನೊಳಕ್ಕೆ (ಸಿಲಿಂಡರುಗಳ ಮೇಲಿನ ಮುಚ್ಚಳದೊಳಕ್ಕೆ) ಇಳಿಯುತ್ತಿದೆ. ಸವೆಯುತ್ತಿರುವುದು ಸೀಟ್, ಅಂದರೆ ಮುಚ್ಚಿದಾಗ ವಾಲ್ವ್ ಕೂರುವ ಅಂಚು.

ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್‌ಗಳಲ್ಲಿ ಎರಕದ ಕಬ್ಬಿಣದ ಹೆಡ್ಡನ್ನೇ ಕೊರೆದು ಸೀಟ್ ಮಾಡುತ್ತಿದ್ದದ್ದು ಸಾಮಾನ್ಯ. ಸೀಸದ ಲವಣಗಳು ಸೀಟಿನ ಮೇಲೆ ತೆಳುವಾಗಿ ಕುಳಿತು ಲೋಹಕ್ಕೆ ಲೋಹ ಅಂಟದಂತೆ ಕಾಯುತ್ತಿದ್ದವು. ಗ್ಯಾಸಿನಲ್ಲಿ ಆ ಪದರ ಇಲ್ಲ. ಬಿಸಿ ವಾಲ್ವ್ ಪ್ರತಿ ಬಡಿತಕ್ಕೂ ಸೀಟಿನ ಕಣಗಳನ್ನು ಕಿತ್ತುಕೊಳ್ಳುತ್ತದೆ, ಕಿತ್ತ ಕಣಗಳೇ ಮತ್ತೆ ಉಜ್ಜುತ್ತವೆ. ಅಂತರ ಪೂರ್ತಿ ಮುಗಿದ ಮೇಲೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಸುಮಾರು ಮುಕ್ಕಾಲು ಪಾಲನ್ನು ಸೀಟಿನ ಮೂಲಕವೇ ಬಿಟ್ಟುಕೊಡಬೇಕು. ಆ ದಾರಿ ತಪ್ಪಿದರೆ ಸ್ಟೆಲೈಟ್ ಆದರೂ ಸುಡುತ್ತದೆ. ಸೋಡಿಯಂ ಶಾಖವನ್ನು ತಲೆಯಿಂದ ಕಾಂಡಕ್ಕೆ, ಅಲ್ಲಿಂದ ಗೈಡಿಗೆ (ಕಾಂಡ ಜಾರುವ ಕೊಳವೆಗೆ) ಸಾಗಿಸುತ್ತದೆ, ನಿಜ. ಆದರೆ ಮೆತ್ತನೆಯ ಸೀಟನ್ನು ಗಟ್ಟಿ ಮಾಡುವುದು ಅದರಿಂದ ಆಗದು.

ಹೆಡ್ ಬಿಚ್ಚಿ, ಸೀಟಿನಲ್ಲಿ ಬೇರೆ ರಿಂಗ್ ಕೂರಿಸಿದ ಗೆರೆ ಕಾಣುತ್ತದೆಯೇ ನೋಡಿ.

ಹಳೆಪಿಸ್ಟನ್:
ಗೆರೆ ಇಲ್ಲ, ಹೆಡ್ಡಿನ ಕಬ್ಬಿಣವೇ. ಮೂರನೆಯ ವಾಲ್ವ್ ಪಕ್ಕದ್ದಕ್ಕಿಂತ 1.2 ಮಿ.ಮೀ. ಒಳಗಿದೆ. ಟೈಮಿಂಗ್ ಸರಿಯಾಗಿದೆ.

ಸೀಟ್‌ಕಟರ್:
ಹಾಗಾದರೆ ಗಟ್ಟಿ ಮಿಶ್ರಲೋಹದ ಸೀಟ್ ರಿಂಗ್ ಹಾಕಿಸಿ, ನಾಲ್ಕೂ ಎಕ್ಸಾಸ್ಟ್‌ಗಳಿಗೆ. ಉಳಿದ ಮೂರೂ ಅದೇ ಕಬ್ಬಿಣ. ಆದರೆ ಮೊದಲು ಗೈಡ್ ನೋಡಿ. ಸೀಟ್ ಕೊರೆಯುವ ಕಟರ್ ಗೈಡನ್ನೇ ಆಧಾರ ಮಾಡಿಕೊಂಡು ತಿರುಗುತ್ತದೆ. ಗೈಡ್ ಸಡಿಲವಿದ್ದರೆ ಹೊಸ ಸೀಟೂ ಓರೆಯಾಗುತ್ತದೆ. ಇಲ್ಲಿ ಅವಸರ ಮಾಡಿ ಹೆಡ್ ಕೆಡಿಸಿಕೊಂಡವರನ್ನು ಕಂಡಿದ್ದೇನೆ, ನೋವಾಗುತ್ತದೆ. ರಿಂಗನ್ನು ಚೆನ್ನಾಗಿ ತಣ್ಣಗಾಗಿಸಿ, ಹೆಡ್ಡನ್ನು ಬಿಸಿ ಮಾಡಿ ಬಿಗಿಯಾಗಿ ಕೂರಿಸಬೇಕು. ವಾಲ್ವ್ ಸೀಟಿಗೆ ತಾಗುವ ಪಟ್ಟಿ ಎಕ್ಸಾಸ್ಟಿನಲ್ಲಿ 1.5ರಿಂದ 2 ಮಿ.ಮೀ. ಇರಲಿ, ಸಪೂರವಾದರೆ ಶಾಖ ಇಳಿಯುವುದಿಲ್ಲ. ಮುಗಿದ ಮೇಲೆ ಪೋರ್ಟಿಗೆ (ವಾಲ್ವಿನ ಹಿಂದಿನ ಹೊಗೆದಾರಿಗೆ) ಸೀಮೆಎಣ್ಣೆ ಸುರಿದು ಸೋರುತ್ತದೆಯೇ ನೋಡಿ.

ಗ್ಯಾಸ್ ರೆಗ್ಯುಲೇಟರನ್ನೂ ಮರೆಯಬೇಡಿ. ಪೂರ್ಣ ಹೊರೆಯಲ್ಲಿ ಒತ್ತಡ ಕುಸಿದು ಮಿಶ್ರಣ ತೆಳುವಾದರೆ ಉರಿ ನಿಧಾನವಾಗಿ, ವಾಲ್ವ್ ತೆರೆಯುವಾಗಲೂ ಉರಿಯುತ್ತಲೇ ಇರುತ್ತದೆ. ಹೊರೆ ಹಾಕಿಯೇ ಒತ್ತಡ ಅಳೆಯಿರಿ.

ಹಳೆಪಿಸ್ಟನ್:
ನಾಲ್ಕಕ್ಕೂ ರಿಂಗ್ ಬಿತ್ತು, ಮೂರನೆಯ ಗೈಡ್ ಸಡಿಲವಿತ್ತು, ಅದನ್ನೂ ಬದಲಾಯಿಸಿದೆ. ಹೊರೆಯಲ್ಲಿ ಒತ್ತಡ ಕುಸಿಯುತ್ತಿತ್ತು: ಗ್ಯಾಸ್ ಫಿಲ್ಟರ್ ಕಟ್ಟಿಕೊಂಡಿತ್ತು. ಈಗ 110 ಗಂಟೆ ಓಡಿದೆ, ನಾಲ್ಕೂ 0.30ರಲ್ಲೇ ನಿಂತಿವೆ. ಸೋಡಿಯಂ ವಾಲ್ವಿನ ಹಣ ಉಳಿಯಿತು, ಧನ್ಯವಾದ.