ಹಾಲುವಾಣದ ಮೇಲಿನ ಎಲೆಹಕ್ಕಿ: ಗೋಲ್ಡನ್ ಫ್ರಂಟೆಡ್ಡಾ, ಜರ್ಡನ್ಸಾ?

ಕಾಫಿತೋಟ_ಮೂಡಿಗೆರೆ:
ತೋಟದ ಹಾಲುವಾಣ ಹೂ ಬಿಟ್ಟಿದೆ. ಬುಲ್‌ಬುಲ್ ಗಾತ್ರದ ಎರಡು ಹಸಿರು ಹಕ್ಕಿಗಳು ಮಕರಂದಕ್ಕೆ ಬರ್ತಿವೆ. ಎಲೆಹಕ್ಕಿ (ಲೀಫ್‌ಬರ್ಡ್) ಅನ್ನೋದು ಗೊತ್ತು. ಆದರೆ ಹಕ್ಕಿ ಗುರುತಿಸೋ ಆ್ಯಪ್ ಒಂದು ಫೋಟೋಗೆ ಗೋಲ್ಡನ್ ಫ್ರಂಟೆಡ್ ಅನ್ನುತ್ತೆ, ಇನ್ನೊಂದಕ್ಕೆ ಜರ್ಡನ್ಸ್ ಅನ್ನುತ್ತೆ. ಒಂದರ ಗಂಟಲು ಕಪ್ಪು, ಇನ್ನೊಂದು ಪೂರ್ತಿ ಹಸಿರು. ಗಂಡು-ಹೆಣ್ಣು ಅಂದುಕೊಂಡು ಎರಡನ್ನೂ ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳನ್ನು ದಾಖಲಿಸೋ ಜಾಲತಾಣ) ಜರ್ಡನ್ಸ್ ಅಂತ ಹಾಕಲಾ?

ಬಂದಳಿಕೆ:
ಅವಸರ ಬೇಡ ಸರ್. ಕಪ್ಪು ಗಂಟಲು ಎರಡು ಜಾತಿಯಲ್ಲೂ ಇರುತ್ತೆ. ಹಣೆ ನೋಡಿ. ಕೊಕ್ಕಿನ ಬುಡದಿಂದ ನೆತ್ತಿಯ ಕಡೆಗೆ ಹೊಂಬಣ್ಣ ಇದ್ದರೆ ಗೋಲ್ಡನ್ ಫ್ರಂಟೆಡ್. ಜರ್ಡನ್ಸ್ ಗಂಡಿನ ಹಣೆ ಹಸಿರೇ, ಕಪ್ಪಿನ ಅಂಚಿನಲ್ಲಿ ಮಾತ್ರ ತೆಳು ಹಳದಿ.

ಇಂಟರ್‌ನೆಟ್ ಫೋಟೋ ಜೊತೆ ಹೋಲಿಸುವಾಗ ಹುಷಾರು. ಹಿಮಾಲಯದ ಕಡೆಯ ಗೋಲ್ಡನ್ ಫ್ರಂಟೆಡ್‌ಗೆ ಗಂಟಲಲ್ಲಿ ನೀಲಿ ಜಾಸ್ತಿ, ಸುತ್ತಲ ಹಳದಿಯೂ ಅಗಲ. ನಮ್ಮ ಘಟ್ಟದ್ದಕ್ಕೆ ಗಂಟಲು ಕಪ್ಪು, ಮೀಸೆಯ ಜಾಗದಲ್ಲಿ ಒಂದು ನೀಲಿ ಗೆರೆ. ಹಣೆಯೂ ಸ್ವಲ್ಪ ಮಂಕು, ನೆರಳಲ್ಲಂತೂ ಹಸಿರೇ ಅನ್ನಿಸಿಬಿಡುತ್ತೆ. ಆ್ಯಪ್ ತಡವರಿಸೋದು ಬಹುಶಃ ಅಲ್ಲೇ. ಫೋಟೋದ ಬೆಳಕು ಏರಿಸಿ ನೋಡಿ.

ಇನ್ನು ಜೋಡಿ ವಿಷಯ. ಗೋಲ್ಡನ್ ಫ್ರಂಟೆಡ್‌ನಲ್ಲಿ ಹೆಣ್ಣೂ ಹೆಚ್ಚುಕಮ್ಮಿ ಗಂಡಿನ ಥರವೇ, ಕಪ್ಪು ಗಂಟಲೇ. ಹಾಗಾಗಿ ಕಪ್ಪಿಲ್ಲದ ಹಕ್ಕಿ ಅಂದರೆ ಒಂದೋ ಜರ್ಡನ್ಸ್ ಹೆಣ್ಣು, ಇಲ್ಲಾ ಗೋಲ್ಡನ್ ಫ್ರಂಟೆಡ್‌ನ ಎಳೆಯ ಹಕ್ಕಿ. ಜರ್ಡನ್ಸ್ ಹೆಣ್ಣಿನ ಗಂಟಲು ತಿಳಿ ನೀಲಿ-ಹಸಿರು. ಎಳೆಯದಕ್ಕೆ ಗಂಟಲೂ ಹಸಿರು, ಮೀಸೆ ಹತ್ತಿರ ಚೂರು ನೀಲಿ.

ಕಡೂರು_ಬಯಲು:
ಜರ್ಡನ್ಸ್ ನಮ್ಮಂಥ ಒಣ ಸೀಮೆಯ ಹಕ್ಕಿ. ಕುರುಚಲು ಕಾಡು, ಮಾವಿನ ತೋಪು ಇದ್ದರೆ ಸಾಕು. ನಿಮ್ಮ ಮಳೆಕಾಡಿನ ಕಡೆ ಗೋಲ್ಡನ್ ಫ್ರಂಟೆಡ್ಡೇ ಜಾಸ್ತಿ. ಹಾಗಂತ ಬರೀ ಊರು ನೋಡಿ ಹೆಸರು ಬರೀಬೇಡಿ. ಮತ್ತೆ, ಹಳೇ ಪುಸ್ತಕಗಳಲ್ಲಿ ಜರ್ಡನ್ಸ್ ಅನ್ನು ಬ್ಲೂ ವಿಂಗ್ಡ್ ಲೀಫ್‌ಬರ್ಡ್ ಜೊತೆ ಸೇರಿಸಿರುತ್ತಾರೆ. ಅದನ್ನು ನಂಬಿ ರೆಕ್ಕೆಯಲ್ಲಿ ನೀಲಿ ಗರಿ ಹುಡುಕಿದರೆ ಸಿಗಲ್ಲ.

ಕಾಫಿತೋಟ_ಮೂಡಿಗೆರೆ:
ಬೆಳಕು ಏರಿಸಿದೆ. ಕಪ್ಪು ಗಂಟಲಿನದರ ಹಣೆ ಮೇಲೆ ಕಿತ್ತಳೆ ಬಣ್ಣ ಎದ್ದು ಕಾಣ್ತಿದೆ. ಇನ್ನೊಂದು ಎಲ್ಲ ಫೋಟೋದಲ್ಲೂ ಬೆನ್ನು ಹಾಕಿ ಕೂತಿದೆ. ಕೂಗು ರೆಕಾರ್ಡ್ ಆಗಿದೆ, ಹಾಕಲಾ?

ಬಂದಳಿಕೆ:
ಹಾಕಿ, ಕೇಳೋಣ. ಆದರೆ ಎರಡೂ ಅಣಕಿಸೋದರಲ್ಲಿ ಪಳಗಿದವು. ಕಾಜಾಣ, ಬುಲ್‌ಬುಲ್ ಹೀಗೆ ಯಾರ ಕೂಗು ಬೇಕಾದರೂ ಎತ್ತುತ್ತವೆ. ಮೊದಲನೆಯದು ಗೋಲ್ಡನ್ ಫ್ರಂಟೆಡ್, ಅನುಮಾನ ಬೇಡ. ಎರಡನೆಯದರ ಗಂಟಲು ಸಿಗೋವರೆಗೆ ಇ-ಬರ್ಡ್‌ನಲ್ಲಿ ಬರೀ ಲೀಫ್‌ಬರ್ಡ್ ಅಂತ ಹಾಕಿಡಿ, ಆಮೇಲೆ ತಿದ್ದಬಹುದು.