ಅಮ್ಮನ ಬರಿ, ಅಪ್ಪನ ಸರ್‌ನೇಮ್: ಮಗಳು ಯಾರ ಕಡೆಯವಳು?

ಪಡುಗಾಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಬಂಟ್ವಾಳ ಕಡೆಯವಳು, ಇರುವುದು ಬೆಂಗಳೂರಲ್ಲಿ. ಗಂಡ ಮಂಡ್ಯದವರು. ನಮ್ಮದು ಅಳಿಯಕಟ್ಟು, ಬರಿ (ಗೋತ್ರದ ಥರ, ಕುಲದ ಹೆಸರು) ಬರುವುದು ಅಮ್ಮನಿಂದ. ಅವರದು ಮಕ್ಕಳಕಟ್ಟು, ಎಲ್ಲಾ ಅಪ್ಪನಿಂದ. ಮದುವೆ ಹೊತ್ತಿಗೆ ಇದೊಂದು ವಿಷಯ ಅಂತ ಯಾರಿಗೂ ಅನಿಸಿರಲಿಲ್ಲ. ಶುರುವಾಗಿದ್ದು ಮಗಳು ಹುಟ್ಟಿದ ಮೇಲೆ.

ಅತ್ತೆ ಮನೆಯವರು ಮನೆದೇವರಿಗೆ ಮುಡಿ ಕೊಡಿಸಿ, ಇದು ನಮ್ಮ ಒಕ್ಕಲಿನ ಕೂಸು ಅಂತ ಊರಿಗೆಲ್ಲ ಹೇಳಿದರು. ಖುಷಿಯೇ ಆಯಿತು. ಆಮೇಲೆ ನಮ್ಮ ತರವಾಡು ಮನೆಯ, ಅಂದರೆ ಅಮ್ಮನ ಕಡೆಯ ಮೂಲ ಮನೆಯ, ದೈವದ ನೇಮಕ್ಕೆ ಹೋದೆವು. ಅಮ್ಮನ ಕಡೆಯ ದೊಡ್ಡ ಮಾವ ನನ್ನ ಗಂಡನಿಗೆ ಅತಿಥಿಗಳ ಸಾಲಲ್ಲಿ ಕುರ್ಚಿ ಹಾಕಿಸಿದರು, ಬೊಂಡ (ಎಳನೀರು) ಕೊಡಿಸಿದರು, ಮಗುವನ್ನು ಮಾತ್ರ ಎತ್ತಿಕೊಂಡು ಹೋಗಿ ಕುಟುಂಬದವರ ಸಾಲಲ್ಲಿ ನಿಂತರು. ತಮಾಷೆ ಏನೆಂದರೆ ನನ್ನ ಸ್ವಂತ ತಮ್ಮನ ಮಗ, ನನ್ನ ಅಪ್ಪನ ಸರ್‌ನೇಮನ್ನೇ ಇಟ್ಟುಕೊಂಡವನು, ಅವನ ಅಮ್ಮನ ಜೊತೆ ಆ ಕಡೆ ಕುರ್ಚಿಯಲ್ಲಿದ್ದ. ಅವನು ನಮ್ಮ ಬರಿಯವನಲ್ಲ. ನನ್ನ ಮಗಳು ಹೌದು.

ವಾಪಸು ಬರುವಾಗ ಶಿರಾಡಿ ಘಾಟಿ ಪೂರ್ತಿ ಗಂಡ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು, "ಹಾಗಾದ್ರೆ ನಾನು ಯಾರು ಅಲ್ಲಿ?" ಅಂತ.

ನನಗೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ತರವಾಡಿನಲ್ಲಿ ನಾನು ಅಜ್ಜಿಯ ಮೊಮ್ಮಗಳು, ಮಂಡ್ಯದಲ್ಲಿ ಸೊಸೆ, ಆಫೀಸಲ್ಲಿ ಅಪ್ಪನ ಸರ್‌ನೇಮ್. ನಿಂತ ಜಾಗಕ್ಕೆ ತಕ್ಕ ಹಾಗೆ ನನ್ನ ಮಾತು, ಕೂರುವ ರೀತಿ ಎಲ್ಲಾ ಬದಲಾಗುತ್ತದೆ, ಯಾರೂ ಹೇಳಿಕೊಡದೆಯೇ. ಇದರಲ್ಲಿ "ನಾನು" ಅನ್ನುವುದು ಎಲ್ಲಿದೆ? ನಾಳೆ ಮಗಳು ಕೇಳಿದರೆ ಏನು ಹೇಳಲಿ? ದಯವಿಟ್ಟು "ನೀನು ನೀನೇ" ಅನ್ನುವ ಥರದ ಉತ್ತರ ಬೇಡ.

ಕೋರ್ಟು_ರಸ್ತೆ:

ನಿಮ್ಮ ದೊಡ್ಡ ಮಾವ ಮಾಡಿದ್ದು ಹಳೇ ಲೆಕ್ಕದಲ್ಲಿ ಸರಿಯೇ ಉಂಟು ಮಾರಾಯ್ರೆ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಹೀಗೆ ಹೆಣ್ಣಿನ ಕಡೆಯಿಂದ ಇಳಿದು ಬಂದವರೆಲ್ಲ ಸೇರಿದರೆ ಒಂದು ಕವರು. ಗಂಡಸು ತನ್ನ ಅಮ್ಮನ ಕವರಿನವನು, ಅವನ ಮಕ್ಕಳು ಅವನ ಹೆಂಡತಿಯ ಕವರಿನವರು. ಅಪ್ಪ ಮಕ್ಕಳು ಒಂದೇ ಚಾಪೆಯಲ್ಲಿ ಮಲಗಿದರೂ ಕುಟುಂಬ ಬೇರೆ.

ಇದು ಬರೀ ಆಚಾರ ಆಗಿರಲಿಲ್ಲ. ಅದರ ಹಿಂದೆ ಗದ್ದೆ ಇತ್ತು. ಕುಟುಂಬದ ಆಸ್ತಿ ಎಲ್ಲರೂ ಒಪ್ಪದೆ ಪಾಲಾಗುತ್ತಿರಲಿಲ್ಲ. ಹಾಗಾಗಿ ಗಂಡಸು ದುಡಿಯುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ. ನಮ್ಮ ಸೀನಿಯರ್ ಹತ್ತಿರ ಹಳೇ ಪತ್ರಗಳ ಕಟ್ಟು ನೋಡಿದ್ದೇನೆ, ಅದರಲ್ಲಿ ಅಪ್ಪಂದಿರು ತಮ್ಮ ಸ್ವಂತ ದುಡಿಮೆಯ ಸಣ್ಣ ತುಂಡು ಜಾಗವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿದ್ದು ಸಿಗುತ್ತದೆ. ಯಜಮಾನನಾಗಿ ಅಳಿಯಂದಿರಿಗೆ ಲೆಕ್ಕ ಒಪ್ಪಿಸುವವನೂ ಅವನೇ, ಅಪ್ಪನಾಗಿ ಮೆಲ್ಲಗೆ ಪತ್ರ ಬರೆಸುವವನೂ ಅವನೇ. ನಿಮ್ಮ ಪ್ರಶ್ನೆ ಹೊಸತಲ್ಲ ಅನ್ನುವುದಕ್ಕೆ ಹೇಳಿದೆ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೆಳಗೆ ಇತ್ತಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡಸು ಸತ್ತರೆ ಅವನ ಪಾಲು ಹೆಂಡತಿ ಮಕ್ಕಳಿಗೂ ಹೋಗುವಂತಾಯಿತು. ಗದ್ದೆ ಅಪ್ಪನ ಕಡೆ ತಿರುಗಿತು. ಸರ್‌ನೇಮೂ ಹೆಚ್ಚಿನ ಮನೆಗಳಲ್ಲಿ ಆ ಕಡೆಗೇ ಹೋಯಿತು. ಅಮ್ಮನ ಹತ್ತಿರ ಉಳಿದದ್ದು ಬರಿ, ದೈವ, ಸೂತಕ, ಗುತ್ತಿನ ಗಡಿ (ಊರಿನ ಹಳೇ ಧಣಿ ಮನೆಯ ಯಜಮಾನಿಕೆ). ಮನಸ್ಸು ಇದರಲ್ಲಿ ಯಾವುದರ ಹಿಂದೆ ಹೋಗಬೇಕು ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ, ಹಾಗಾಗಿ ಪೇಟೆಯಲ್ಲಿ ಒಂದರ ಹಿಂದೆ, ಊರಲ್ಲಿ ಇನ್ನೊಂದರ ಹಿಂದೆ ಹೋಗುತ್ತದೆ.

ಇನ್ನೊಂದು ಮಾತು. ಅಳಿಯಕಟ್ಟು ಅಂದರೆ ಹೆಂಗಸರ ರಾಜ್ಯ ಅಂತ ಯಾರಾದರೂ ಹೊಗಳಿದರೆ ನಂಬಬೇಡಿ. ಹೆಚ್ಚಿನ ಮನೆಗಳಲ್ಲಿ ಯಜಮಾನಿಕೆ ಮಾಡಿದ್ದು ಮಾವಂದಿರು. ಭೂತಾಳ ಪಾಂಡ್ಯನ ಕಥೆಯನ್ನೇ ನೋಡಿ. ಕುಂಡೋದರ ಅನ್ನುವ ಭೂತಕ್ಕೆ ಬಲಿ ಕೊಡಲು ರಾಜನ ಹೆಂಡತಿ ಮಗನನ್ನು ಬಿಡಲಿಲ್ಲ, ರಾಜನ ಒಡಹುಟ್ಟಿದವಳು ತನ್ನ ಮಗನನ್ನು ಒಪ್ಪಿಸಿದಳು, ಅದಕ್ಕೇ ಆ ಅಳಿಯನಿಗೆ, ಅಂದರೆ ಭೂತಾಳ ಪಾಂಡ್ಯನಿಗೆ, ಪಟ್ಟ. ಚರಿತ್ರೆ ಅಲ್ಲ, ಕಥೆ. ಆದರೂ ಮಗನನ್ನು ಬಿಡಲು ಒಪ್ಪದ ತಾಯಿ ಅದರಲ್ಲಿ ಯಾಕೆ ಸೋತವಳಾಗಬೇಕು ಅಂತ ನನಗೆ ಚಿಕ್ಕಂದಿನಿಂದ ಒಂದು ಸಿಟ್ಟು.

ಸುಮ್ನಿರಪ್ಪ:

ಓವರ್ ಥಿಂಕಿಂಗ್. ಮಗು ಎರಡು ಕಡೆಯೂ ಊಟ ಮಾಡುತ್ತದೆ, ಎರಡು ಕಡೆಯೂ ಆಟ ಆಡುತ್ತದೆ. ಬಿಟ್ಟುಬಿಡಿ.

ಬೈಲಿನ_ಹುಡುಗ:

ಮೇಲಿನವರೇ, ಬಿಡುವುದು ಅಷ್ಟು ಸುಲಭ ಅಲ್ಲ.

ನಮ್ಮಲ್ಲೂ ಬರಿ ಉಂಟು, ನಮ್ಮದೂ ಅಳಿಯಕಟ್ಟು. ಆದರೆ ನನ್ನಜ್ಜನಿಗೆ ತಾನು ಯಾರು ಅಂತ ಕಲಿಸಿದ್ದು ಗುತ್ತಿನ ಮನೆಯ ಅಂಗಳ. ಅವರು ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿದಾರ. ಗೇಣಿಯ ಅಕ್ಕಿಮುಡಿ ಹೊತ್ತುಕೊಂಡು ಹೋಗುವುದು, ಅಂಗಳದ ಬದಿಯಲ್ಲಿ ಇಳಿಸುವುದು, ಹೆಗಲ ಮೇಲಿನ ಬೈರಾಸು (ಟವೆಲ್) ತೆಗೆದು ಕೈಯಲ್ಲಿ ಹಿಡಿದು ನಿಲ್ಲುವುದು. ಚಾವಡಿ ಹತ್ತುವ ಪ್ರಶ್ನೆಯೇ ಇಲ್ಲ. ನೇಮ ಆಗುವಾಗಲೂ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿದ್ದ ವಿಷಯ. ಯಾರೂ ಬೈದು ಓಡಿಸಬೇಕಾಗಿಯೇ ಇರಲಿಲ್ಲ, ಕಾಲೇ ಅಲ್ಲಿ ನಿಲ್ಲುತ್ತಿತ್ತು.

1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು, ದೇವರಾಜ ಅರಸರ ಕಾಲ. ಉಳುವ ಗದ್ದೆ ತನಗೆ ಬೇಕು ಅಂತ ಡಿಕ್ಲರೇಷನ್ ಹಾಕಲು ಅಜ್ಜ ಹೆದರಿದರು, ಅಜ್ಜಿ ಬೈದು ಹಾಕಿಸಿದರಂತೆ. ಗದ್ದೆ ನಮ್ಮದಾಯಿತು, ಗೇಣಿ ನಿಂತಿತು. ಆದರೂ ಆ ಮನೆಯ ಧಣಿ ರಸ್ತೆಯಲ್ಲಿ ಎದುರಾದರೆ ಅಜ್ಜ ಸಾಯುವವರೆಗೂ ಬೈರಾಸು ಕೈಗೆ ತೆಗೆದುಕೊಳ್ಳುತ್ತಿದ್ದರು. ಪಹಣಿಯಲ್ಲಿ ಹೆಸರು ಇವರದೇ! ನನ್ನಪ್ಪ ತೆಗೆಯುತ್ತಿರಲಿಲ್ಲ, ಆದರೆ ಆ ಮನೆಗೆ ಹೋಗುವುದನ್ನೇ ಬಿಟ್ಟರು. ಅದೂ ಒಂದು ಥರ ಬೈರಾಸು ತೆಗೆದ ಹಾಗೆಯೇ ಅಂತ ನನಗೆ ಅನಿಸುತ್ತದೆ. ನಾನು ಹೋಗುತ್ತೇನೆ, ಕುರ್ಚಿಯಲ್ಲಿ ಕೂರುತ್ತೇನೆ, ಅವರ ಮಗ ನನ್ನ ಕ್ಲಾಸ್‌ಮೇಟ್. ಆದರೂ ಚಾವಡಿ ಮೆಟ್ಟಿಲು ಹತ್ತುವಾಗ ಒಂದು ಸಲ ಮೈಯೆಲ್ಲ ಎಚ್ಚರ ಆಗುತ್ತದೆ. ಆ ಕ್ಲಾಸ್‌ಮೇಟಿಗೆ ಆಗುತ್ತದಾ? ಇಲ್ಲ.

ಹಾಗಾಗಿ ಪಡುಗಾಳಿ ಅವರೇ, ನಿಮ್ಮ ಯಜಮಾನರಿಗೆ ಕುರ್ಚಿ ಕೊಟ್ಟು ಬೊಂಡ ಕೊಟ್ಟದ್ದಕ್ಕೆ ಬೇಸರ ಆಯಿತು ಅಂದರೆ ನನಗೆ ಸ್ವಲ್ಪ ನಗು ಬಂತು. ತಪ್ಪು ತಿಳಿಯಬೇಡಿ. ಅವರಿಗೆ ನೋವಾಗಿರಬಹುದು. ಅದೇ ಅಂಗಳದಲ್ಲಿ ಕುರ್ಚಿಯೇ ಸಿಗದೆ ನಿಂತವರೂ ಇದ್ದರು ಅನ್ನುವುದನ್ನು ಮಗಳಿಗೆ ಹೇಳುವಾಗ ಸೇರಿಸಿ.

ಕಬ್ಬಿನಗದ್ದೆ:

ಅಕ್ಕ, ನಾನು ನಿಮ್ಮ ಗಂಡನ ಕಡೆಯ ಊರಿನವಳು, ಮದ್ದೂರು. ನಿಮ್ಮ ಯಜಮಾನರಿಗೆ ಒಂದು ದಿನ ಆದದ್ದು ನಮ್ಮ ಹೆಣ್ಣುಮಕ್ಕಳಿಗೆ ಜೀವನ ಪೂರ್ತಿ. ಧಾರೆ ಎರೆದ ದಿನವೇ ಮನೆದೇವರು ಬದಲು. ಹುಟ್ಟಿದಾಗಿನಿಂದ ಕೈ ಮುಗಿದ ದೇವರ ಹಬ್ಬಕ್ಕೆ ಈಗ ನಾನು ನೆಂಟಳು. ಹೊರಡುವಾಗ ಮಡ್ಲಕ್ಕಿ ಕಟ್ಟಿ ಕಳಿಸುತ್ತಾರೆ, ಪ್ರೀತಿಯಿಂದಲೇ. ಅತ್ತೆ ಮನೆಯಲ್ಲಿ ಜಗಳ ಬಂದರೆ "ಹೊರಗಿಂದ ಬಂದವಳು". ಎಲ್ಲಿ ಒಳಗಿನವಳು ಅಂತ ಯೋಚನೆ ಮಾಡುತ್ತಾ ಕೂತರೆ ಹುಚ್ಚು ಹಿಡಿಯುತ್ತದೆ.

ಆದರೆ ನಾನು ಹೇಳಬೇಕಾದದ್ದು ಬೇರೆ. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟರು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಇದೆಲ್ಲಾ ನನಗೆ ಗೊತ್ತಿತ್ತು, ಡಿಗ್ರಿ ಮಾಡಿದವಳು. ಆದರೂ ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದಾಗ ಹೋಗಿ, ನನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕಿ ಬಂದೆ. ಯಾರೂ ಬಲವಂತ ಮಾಡಲಿಲ್ಲ. ಸೀರೆ ಕೊಟ್ಟರು, ಮಸಾಲೆ ದೋಸೆ ಕೊಡಿಸಿದರು. ಪಾಲು ಕೇಳುವ ಹೆಣ್ಣು ಅಂದರೆ ನನ್ನ ಕಣ್ಣಿಗೇ ಒಂಥರಾ ಆಸೆಬುರುಕಿ, ತವರಿನ ಬಾಗಿಲು ಮುಚ್ಚಿಕೊಂಡವಳು. ನಾನು ಹಾಗಲ್ಲ ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಕಾನೂನು ನನ್ನನ್ನು ಆ ಮನೆಯವಳು ಅಂದಿತ್ತು, ಸೈನ್ ಹಾಕಿದ ಕೈ ಮಾತ್ರ ಕೊಟ್ಟ ಹೆಣ್ಣಿನದು.

ಅದಕ್ಕೇ ನಿಮ್ಮ ಮಗಳಿಗೆ ಎರಡು ಮನೆಯ ಲೆಕ್ಕವನ್ನೂ ಈಗಲೇ ತೋರಿಸಿ. ಒಂದೇ ನೋಡಿ ಬೆಳೆದವರಿಗೆ ಅದು ಲೆಕ್ಕ ಅಂತಲೇ ಗೊತ್ತಾಗುವುದಿಲ್ಲ, ಪ್ರಪಂಚ ಇರುವುದೇ ಹೀಗೆ ಅನಿಸಿಬಿಡುತ್ತದೆ.

ಪಡುಗಾಳಿ:

ಎಲ್ಲರಿಗೂ ಥ್ಯಾಂಕ್ಸ್. ಸುಮ್ನಿರಪ್ಪ ಅವರಿಗೂ.

ಬೈಲಿನ ಹುಡುಗ, ನಗು ಬಂದದ್ದು ಸರಿಯೇ ಇದೆ. ನೀವು ಬರೆದದ್ದನ್ನು ಗಂಡನಿಗೆ ಓದಿ ಹೇಳಿದೆ. ಅವರು ಒಂದು ಮಾತು ಹೇಳಿದರು. ಅವರ ಊರಲ್ಲೂ ಹಬ್ಬದ ದಿನ ಗುಡಿ ಬಾಗಿಲ ತನಕ ಮಾತ್ರ ಬರುವ ಮನೆಗಳಿವೆ, ಇಷ್ಟು ವರ್ಷ ಅದು ಅವರ ಕಣ್ಣಿಗೇ ಬಿದ್ದಿರಲಿಲ್ಲವಂತೆ. ಈ ಸಲ ಊರಿಗೆ ಹೋದಾಗ ಅವರಪ್ಪನ ಹತ್ತಿರ ಕೇಳುತ್ತಾರಂತೆ. ಮನೆಯಲ್ಲಿ ಗಲಾಟೆ ಗ್ಯಾರಂಟಿ.

ಕಬ್ಬಿನಗದ್ದೆ, ನಿಮ್ಮ ಮಾತು ಓದಿ ಹೊಟ್ಟೆ ಉರಿಯಿತು. ಆ ಪತ್ರ ರದ್ದು ಮಾಡಿಸಲು ಆಗುವುದಿಲ್ವಾ? ಕೋರ್ಟು ರಸ್ತೆ ಅವರೇ, ಸ್ವಲ್ಪ ಹೇಳಿ.

ಕೋರ್ಟು_ರಸ್ತೆ:

ರಿಜಿಸ್ಟರ್ ಆದ ಪತ್ರ ಕಷ್ಟ. ಮೋಸ, ಬೆದರಿಕೆ ಇದ್ದರೆ ದಾವೆ ಹಾಕಬಹುದು, ಅದೂ ವಿಷಯ ಗೊತ್ತಾದ 3 ವರ್ಷದೊಳಗೆ. ಇವರು ಬಲವಂತ ಇರಲಿಲ್ಲ ಅಂತ ತಾವೇ ಬರೆದಿದ್ದಾರೆ. ಚಿಕ್ಕಂದಿನಿಂದ ಹೀಗೇ ಬೆಳೆಸಿದರು, ಅದಕ್ಕೆ ಸೈನ್ ಹಾಕಿದೆ ಅಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೂ ಪತ್ರದ ನಕಲು ತೆಗೆಸಿ ಊರಿನ ಯಾರಾದರೂ ವಕೀಲರಿಗೆ ತೋರಿಸಿ. ಪಿತ್ರಾರ್ಜಿತ ಪೂರ್ತಿ ಅದರಲ್ಲಿ ಬಂದಿದೆಯಾ, ಯಾವುದಾದರೂ ಸರ್ವೆ ನಂಬರ್ ಬಿಟ್ಟು ಹೋಗಿದೆಯಾ, ಅದನ್ನು ಮೊದಲು ನೋಡಬೇಕು.