ಹೊಸ ಫೋರ್ಕ್ ಹಾಕಿದ ಮೇಲೆ ಮುಂದಿನ ಬ್ರೇಕ್ ಹಿಡಿದರೆ ‘ಟಕ್’ ಸದ್ದು, ಹೆಡ್‌ಸೆಟ್ ಬಿಗಿಯಾಗುತ್ತಿಲ್ಲ

ಪ್ರಶ್ನೆ:
26 ಇಂಚಿನ ಚಕ್ರದ ಎಂಟಿಬಿ (ಮೌಂಟನ್ ಬೈಕ್ ಸೈಕಲ್). 80 ಮಿ.ಮೀ. ಟ್ರಾವೆಲ್‌ನ (ಕುಸಿಯುವ ಅಂತರದ) ಹಳೇ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ತೆಗೆದು 100 ಮಿ.ಮೀ.ದು ಹಾಕಿದ್ದೇನೆ. ಎರಡೂ ಥ್ರೆಡ್‌ಲೆಸ್, ಸ್ಟಿಯರರ್ ಟ್ಯೂಬ್ (ಫೋರ್ಕಿನಿಂದ ಫ್ರೇಮಿನೊಳಗೆ ಮೇಲೇರುವ ಕೊಳವೆ) 28.6 ಮಿ.ಮೀ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಆಡಿಸಿದರೆ ಹೆಡ್‌ಸೆಟ್‌ನ (ಫೋರ್ಕ್ ತಿರುಗಲು ಇರುವ ಬೇರಿಂಗ್ ಜೋಡಣೆ) ಕೆಳಗಿನ ಕಪ್ ಹತ್ತಿರ ಟಕ್ ಅನ್ನುತ್ತೆ. ಟಾಪ್ ಕ್ಯಾಪ್ ಬೋಲ್ಟ್ ಇನ್ನು ತಿರುಗದಷ್ಟು ಬಿಗಿ ಮಾಡಿದರೂ ಆಟ (ಸಡಿಲದ ಅಲುಗಾಟ) ಹೋಗುತ್ತಿಲ್ಲ. ಬೇರಿಂಗ್ ಬದಲಾಯಿಸಬೇಕಾ?

ಉತ್ತರ 1:
ಬೇರಿಂಗಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ಬೋಲ್ಟ್ ಬಿಗಿಯಾದರೂ ಆಟ ಉಳಿದಿದೆ ಅಂದರೆ ಮೊದಲು ನೋಡಬೇಕಾದ್ದು ಸ್ಟಿಯರರ್ ಉದ್ದ. ಟಾಪ್ ಕ್ಯಾಪ್ ಬಿಚ್ಚಿ ನೋಡಿ: ಸ್ಟಿಯರರ್ ತುದಿ ಸ್ಟೆಮ್‌ನ (ಹ್ಯಾಂಡಲ್ ಹಿಡಿಯುವ ತುಂಡು) ಮೇಲಂಚಿಗಿಂತ ಸುಮಾರು 3 ಮಿ.ಮೀ. ಒಳಗಿರಬೇಕು. ಎರಡೂ ಸಮಕ್ಕಿದ್ದರೆ ಕ್ಯಾಪ್ ಸ್ಟಿಯರರ್ ಮೇಲೆಯೇ ಕೂತುಬಿಡುತ್ತೆ. ಸ್ಟೆಮ್ ಕೆಳಕ್ಕೆ ಒತ್ತುವುದೇ ಇಲ್ಲ, ಬಿಗಿ ಬೇರಿಂಗ್ ತನಕ ತಲುಪುವುದಿಲ್ಲ. ಮತ್ತೂ ಬಲ ಹಾಕಿದರೆ ಸ್ಟಿಯರರ್ ಒಳಗೆ ಕಚ್ಚಿ ಕೂತು ಆ ಬೋಲ್ಟ್ ಹಿಡಿಯುವ ಸ್ಟಾರ್ ನಟ್ ಮೇಲಕ್ಕೆ ಕಿತ್ತು ಬರುತ್ತೆ ಅಷ್ಟೇ. ಸ್ಟಾರ್ ನಟ್ ತುದಿಯಿಂದ 15 ಮಿ.ಮೀ. ಆಳದಲ್ಲಿ, ವಾಲದೆ ಇರಬೇಕು. ಅದನ್ನೂ ಈಗಲೇ ನೋಡಿಕೊಳ್ಳಿ.

ಹ್ಯಾಕ್ಸಾ ಕೈಗೆತ್ತಿಕೊಳ್ಳುವ ಮುಂಚೆ ಸ್ಟೆಮ್ ಮೇಲೆ 5 ಮಿ.ಮೀ. ಸ್ಪೇಸರ್ (ಬಳೆ) ಒಂದನ್ನು ಹಾಕಿ ನೋಡಿ. ಕತ್ತರಿಸಿದ ಸ್ಟಿಯರರ್ ಮತ್ತೆ ಬೆಳೆಯಲ್ಲ.

ಬಿಗಿ ಮಾಡುವ ಕ್ರಮವೂ ಮುಖ್ಯ. ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್ ಪೂರ್ತಿ ಸಡಿಲ ಮಾಡಿ. ಟಾಪ್ ಕ್ಯಾಪ್ ಅನ್ನು ಆಟ ಹೋಗುವಷ್ಟು ಮಾತ್ರ, ಕಾಲು ಕಾಲು ಸುತ್ತಾಗಿ ತಿರುಗಿಸಿ. ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿಕೊಂಡು ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸ್ಟೆಮ್ ಮೇಲೆಯೇ ಎಷ್ಟು ಎಂದು ಬರೆದಿರುತ್ತೆ, ಸಾಮಾನ್ಯವಾಗಿ 5–6 ನ್ಯೂಟನ್ ಮೀಟರ್. ಫೋರ್ಕನ್ನು ಹಿಡಿದಿಡುವುದು ಈ ಎರಡು ಬೋಲ್ಟ್‌ಗಳೇ. ಟಾಪ್ ಕ್ಯಾಪ್ ಕೆಲಸ ಬೇರಿಂಗಿಗೆ ಹದವಾದ ಒತ್ತಡ ಕೊಡುವಲ್ಲಿಗೆ ಮುಗಿಯಿತು.

ಆಮೇಲೆ ಬೆರಳಿನ ಪರೀಕ್ಷೆ. ಕೆಳಗಿನ ಕಪ್ಪೂ ಫೋರ್ಕ್ ಕ್ರೌನೂ (ಫೋರ್ಕಿನ ಎರಡು ಕಾಲು ಕೂಡುವ ಮೇಲ್ಭಾಗ) ಸೇರುವ ಕಡೆ ಬೆರಳಿಟ್ಟು ಬ್ರೇಕ್ ಹಿಡಿದು ಆಡಿಸಿ. ಅಲ್ಲಿ ಏನೂ ಅಲುಗದೆ ಫೋರ್ಕಿನ ಕಾಲಿನಲ್ಲಿ ಮೇಲಿನ ಕೊಳವೆ ಕೆಳಗಿನದರೊಳಗೆ ಸೇರುವ ಕಡೆ ಅಲುಗಿದರೆ ಅದು ಬುಷಿಂಗ್ (ಕೊಳವೆಗಳ ನಡುವಿನ ಒಳಪಟ್ಟಿ) ಆಟ. ಕಡಿಮೆ ಬೆಲೆಯ ಸ್ಪ್ರಿಂಗ್ ಫೋರ್ಕ್‌ಗಳಲ್ಲಿ ಹೊಸದರಲ್ಲೂ ತುಸು ಇರುತ್ತೆ, ಹೆಡ್‌ಸೆಟ್ ಬಿಗಿ ಮಾಡಿ ಅದನ್ನು ಹೋಗಿಸಲಾಗದು.

ಪ್ರಶ್ನೆ ಕೇಳಿದವರು:
ಸ್ಪೇಸರ್ ಹಾಕಿದೆ, ಟಕ್ ಸದ್ದು ಹೋಯಿತು. ಆದರೆ ಈಗ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ಸಡಿಲ. ಸಮವಾಗಿಲ್ಲ.

ಉತ್ತರ 2:
ಹಾಗಾದರೆ ಕ್ರೌನ್ ರೇಸ್ (ಫೋರ್ಕ್ ಕ್ರೌನ್ ಮೇಲೆ ಕೂರುವ, ಕೆಳಗಿನ ಬೇರಿಂಗಿನ ಉಂಗುರ) ಓರೆಯಾಗಿ ಕೂತಿರಬಹುದು. ಹಳೇ ಫೋರ್ಕಿನಿಂದ ಕಿತ್ತು ಹೊಸದಕ್ಕೆ ಹಾಕುವಾಗ ಹೀಗಾಗುವುದು ಸಾಮಾನ್ಯ. ಫೋರ್ಕ್ ಇಳಿಸಿ, ರೇಸ್ ಅಡಿಯಲ್ಲಿ ಸುತ್ತಲೂ ಕಣ್ಣಿಟ್ಟು ನೋಡಿ. ಒಂದು ಕಡೆ ಕೂದಲೆಳೆಯಷ್ಟು ಸಂದು ಕಂಡರೂ ಅದೇ ಕಾರಣ. ಸ್ಟಿಯರರ್ ಮೇಲೆ ಸಲೀಸಾಗಿ ಇಳಿಯುವ, ಆದರೆ ಬಾಲ್ಸ್ ಓಡುವ ಜಾಗಕ್ಕೆ ತಾಗದ ಪೈಪ್ ಬೇಕು. ಪೈಪಿನ ತುದಿ ನೇರವಾಗಿ ಕತ್ತರಿಸಿದ್ದಿರಲಿ. ರೇಸ್ ಕೂರುವ ಜಾಗ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಪೈಪ್ ಮೇಲೆ ಸುತ್ತಿಗೆಯಿಂದ ಹೊಡೆಯಿರಿ. ಪೂರ್ತಿ ಕೂತ ಕೂಡಲೇ ಹೊಡೆತದ ಸದ್ದು ಬದಲಾಗಿ ಗಟ್ಟಿಯಾಗಿ ಕೇಳುತ್ತೆ. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಕಡೆ ಬಡಿಯುವುದು ಬೇಡ, ರೇಸಿಗೆ ಗಾಯವಾದರೆ ಬಾಲ್ಸ್ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಒಂದು ಕಡೆ ಸೀಳು ಬಿಟ್ಟೇ ತಯಾರಿಸಿದ ರೇಸ್ ಆದರೆ ಇದ್ಯಾವುದೂ ಬೇಡ, ಕೈಯಲ್ಲೇ ಒತ್ತಿದರೆ ಕೂರುತ್ತೆ.

ಫೋರ್ಕ್ ಹೇಗೂ ಇಳಿಸಿರುತ್ತೀರಿ, ಬಾಲ್ಸ್ ಪಂಜರವನ್ನೂ ನೋಡಿ. ಬಾಲ್ಸ್ ಹೊರಗೆ ಕಾಣುವ ತೆರೆದ ಮುಖ ಕೋನ್ (ಶಂಕುವಿನಾಕಾರದ ರೇಸ್) ಕಡೆಗಿರಬೇಕು. ತಿರುವುಮುರುವಾಗಿದ್ದರೆ ತಗಡೇ ಉಜ್ಜಿ ಕರಕರ ಅನ್ನುತ್ತೆ.

ಉತ್ತರ 3:
ಇದೇ ಕೆಲಸ ಮಾಡಲು ಹೊರಟವರಿಗೆ ಒಂದು ಮಾತು: ಹಳೇ ಮಾದರಿಯ ಥ್ರೆಡ್ ಇರುವ ಫೋರ್ಕಿಗೆ ಮೇಲಿನ ಕ್ರಮ ಹೊಂದುವುದಿಲ್ಲ. ಅಲ್ಲಿ ಮೇಲಿನ ಕೋನ್ ಕೈಯಲ್ಲಿ ತಿರುಗಿಸಿ ಆಟ ತೆಗೆದು, ಅದನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದರಲ್ಲಿ ಲಾಕ್ ನಟ್ ಕಟ್ಟಬೇಕು. 1 ಇಂಚಿನ ಸ್ಟಿಯರರ್‌ಗೆ ಸಾಮಾನ್ಯವಾಗಿ 32, 1⅛ ಇಂಚಿನ, ಅಂದರೆ 28.6 ಮಿ.ಮೀ.ಗೆ 36ರ ಸ್ಪ್ಯಾನರ್.

ಟ್ರಾವೆಲ್ 20 ಮಿ.ಮೀ. ಹೆಚ್ಚಿದ್ದರಿಂದ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಸ್ಟಿಯರರ್ ನೆಲಕ್ಕೆ ಮಾಡುವ ಕೋನ) ಸುಮಾರು 1 ಡಿಗ್ರಿ ಹಿಂದಕ್ಕೆ ವಾಲಿರುತ್ತೆ. ಏರಿನಲ್ಲಿ ನಿಧಾನ ಹೋಗುವಾಗ ಹ್ಯಾಂಡಲ್ ಅಲೆದಾಡಿದಂತೆ ಅನ್ನಿಸಬಹುದು, ಅದು ಜೋಡಣೆಯ ದೋಷವಲ್ಲ. ಸ್ಟೆಮ್ ಕೆಳಗಿನ ಒಂದು ಸ್ಪೇಸರನ್ನು ಮೇಲಕ್ಕೆ ಹಾಕಿದರೆ ಹ್ಯಾಂಡಲ್ ತಗ್ಗಿ ಅದರ ಎತ್ತರದ ಮಟ್ಟಿಗಾದರೂ ಸರಿಹೋಗುತ್ತೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಬ್ರೇಕ್ ಕೇಬಲ್ ಎಳೆಯುತ್ತಿಲ್ಲವೇ ನೋಡಿ. ಮೊದಲ ಸವಾರಿ ಮುಗಿಸಿ ಬಂದ ಮೇಲೆ ಬೆರಳಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ರೇಸ್ ಇನ್ನಷ್ಟು ಕೂತು ತುಸು ಆಟ ಬಂದಿದ್ದರೆ ಪಕ್ಕದ ಬೋಲ್ಟ್ ಸಡಿಲಿಸಿ ಮತ್ತೆ ಅದೇ ಕ್ರಮದಲ್ಲಿ ಬಿಗಿ ಮಾಡಿ.